ಗಾಳಿಗೆ ಹಾರಿದ ಚಾವಣಿ, ಕೋಟಿಗಟ್ಟಲೆ ಕ್ಲೇಮು: ವಿಶ್ವವಿದ್ಯಾಲಯದ ವಿಮೆ ನೋಡಿಕೊಂಡ ಅನುಭವ ಇದ್ದವರು ಹೇಳಿ

ಖಜಾನೆ_ಗುಮಾಸ್ತ (ಜೂನ್ 1, ರಾತ್ರಿ 10.40)

ಎಲ್ಲರಿಗೂ ನಮಸ್ಕಾರ. ಕರಾವಳಿಯ ಒಂದು ಖಾಸಗಿ ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿದ್ದೇನೆ. ಹೆಸರು ಬೇಡ, ನನ್ನ ಕೆಲಸ ಉಳಿಯಬೇಕು.

ಮೇ ಕೊನೆಯ ವಾರ, ಮಂಗಳವಾರ ರಾತ್ರಿ ಬೀಸಿದ ಗಾಳಿಗೆ ಎಂಜಿನಿಯರಿಂಗ್ ಬ್ಲಾಕಿನ ತಗಡಿನ ಚಾವಣಿ ಅರ್ಧಕ್ಕರ್ಧ ಎದ್ದುಹೋಯಿತು. ಒಂದು ಶೀಟು ಹಾರಿ ಹಾಸ್ಟೆಲಿನ ನೀರಿನ ಟ್ಯಾಂಕಿಗೆ ಬಡಿದು, ಥೇಟ್ ಮಸಾಲೆ ದೋಸೆ ಥರ ಮಡಚಿಕೊಂಡು ಕೂತಿದೆ. ಲೈಬ್ರರಿಯ ಮೇಲಿನ ಮಹಡಿಯ ಕಿಟಕಿ ಗಾಜು ಒಡೆದು ಪುಸ್ತಕ ಒದ್ದೆ. ಸೋಲಾರ್ ಪ್ಯಾನೆಲ್ ಹೋಗಿವೆ, ಕಾಂಪೌಂಡ್ ಬಿದ್ದಿದೆ, ಲ್ಯಾಬಿನ ಯಂತ್ರಗಳ ಮೇಲೆ ನೀರು ಸುರಿದಿದೆ. ಗುರುವಾರ ಮತ್ತೊಂದು ಸಲ ಗಾಳಿ ಬಂತು. ಉಳಿದಿದ್ದೂ ಹೋಯಿತು. ಎಸ್ಟೇಟ್ ಆಫೀಸಿನವರು ಬಾಯಲ್ಲೇ ಹೇಳುವ ಅಂದಾಜು 6 ಕೋಟಿ.

ಕುಲಸಚಿವರು ನನ್ನನ್ನು ಕರೆದು, "ಇನ್ಶೂರೆನ್ಸ್ ಇದೆಯಲ್ಲ, ನೀವೇ ನೋಡ್ಕೊಳ್ಳಿ" ಅಂದರು. ಇವತ್ತಿನವರೆಗೆ ನಾನು ಮಾಡಿದ ದೊಡ್ಡ ಕ್ಲೇಮು ನನ್ನ ಸ್ಕೂಟರಿನದು. ಎಲ್ಲಿಂದ ಶುರು ಮಾಡಲಿ?

ಅಳತೆ_ಟೇಪು

ಹುಬ್ಬಳ್ಳಿಯವನು. ಇಪ್ಪತ್ತೆಂಟು ವರ್ಷ ವಿಮಾ ಕಂಪನಿಗಳಿಗೆ ನಷ್ಟ ಅಳೆದುಕೊಡುವ ಸರ್ವೇಯರ್ ಆಗಿದ್ದೆ, ಈಗ ಬಿಟ್ಟಿದ್ದೇನೆ. ಹಾಗಾಗಿ ಆ ಕಡೆಯವರು ಏನು ನೋಡುತ್ತಾರೆ ಅಂತ ಹೇಳಬಲ್ಲೆ.

ಕಂಪನಿಗೆ ಬರಹದಲ್ಲಿ ತಿಳಿಸಿದ್ದೀರಾ? ಏಜೆಂಟಿಗೆ ಫೋನ್ ಮಾಡಿದ್ದು ಲೆಕ್ಕಕ್ಕಿಲ್ಲ. ಇವತ್ತೇ ಇಮೇಲ್ ಹಾಕಿ: ಪಾಲಿಸಿ ನಂಬರು, ತಾರೀಖು, ಯಾವ್ಯಾವ ಬ್ಲಾಕು, ಅಂದಾಜು ಎಷ್ಟು. ಮೊತ್ತ ತಪ್ಪಾದರೂ ಚಿಂತೆ ಇಲ್ಲ, ಮುಂದೆ ಬದಲಾಗಬಹುದು ಅಂತ ಒಂದು ಸಾಲು ಸೇರಿಸಿ. ಮಾಮೂಲಿ ಫೈರ್ ಪಾಲಿಸಿಯಲ್ಲಿ (ಹೆಸರು ಬೆಂಕಿಯದು, ಗಾಳಿ ಮಳೆಯ ನಷ್ಟವೂ ಅದರಲ್ಲೇ ಬರುತ್ತದೆ), ನಷ್ಟವಾದ 15 ದಿನದೊಳಗೆ ವಿವರವಾದ ಕ್ಲೇಮು ಬರಹದಲ್ಲಿ ಕೊಡಬೇಕು ಅಂತ ಷರತ್ತಿದೆ. ಆಗದಿದ್ದರೆ ಅದರೊಳಗೇ ಹೆಚ್ಚು ಸಮಯ ಕೇಳಿ ಪತ್ರ ಹಾಕಿ.

ಎರಡನೆಯದು, ಗುಡಿಸಬೇಡಿ. ಮಳೆ ಒಳಗೆ ಬರದ ಹಾಗೆ ಟಾರ್ಪಾಲು ಹೊದಿಸಿ. ನಷ್ಟ ಬೆಳೆಯದಂತೆ ನೋಡಿಕೊಳ್ಳೋದು ನಿಮ್ಮ ಹೊಣೆ, ಅದರ ಬಿಲ್ಲು ಬೇರೆ ಇಡಿ. ಆದರೆ ಮುರಿದಿದ್ದು ಮುರಿದ ಹಾಗೇ ಇರಲಿ. ಒಂದೊಂದು ಕೋಣೆಯ ಬಾಗಿಲಲ್ಲಿ ನಿಂತು, ಕೋಣೆಯ ನಂಬರು ಕಾಣುವ ಹಾಗೆ ಮೊದಲ ಫೋಟೋ. ಆಮೇಲೆ ಒಳಗೆ ಹೋಗಿ. ಸಾವಿರ ಫೋಟೋ ತಂದುಕೊಟ್ಟು ಇದು ಯಾವ ರೂಮು ಅಂತ ತಲೆ ಕೆರೆದುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕೋಳಿ_ಅಂಕ

ಕ್ಲೇಮ್ ಗೀಮ್ ಏನೂ ಸಿಗಲ್ಲ ಮಾರಾಯ್ರೇ. ಪ್ರೀಮಿಯಂ ತಗೊಳ್ಳುವಾಗ ಮನೆ ಬಾಗಿಲಿಗೆ ಬರ್ತಾರೆ, ಕೊಡುವಾಗ ಊರೇ ಬಿಡ್ತಾರೆ.

ಅಳತೆ_ಟೇಪು

ಸಿಗುತ್ತದೆ ಸ್ವಾಮಿ. ಕಡಿಮೆ ಸಿಗುತ್ತದೆ. ಯಾಕೆ ಕಡಿಮೆ ಅನ್ನೋದೇ ಇಡೀ ಕಥೆ.

ಖಜಾನೆ_ಗುಮಾಸ್ತ

ಸರ್, ಇಮೇಲ್ ಹಾಕಿದೆ. ಆದರೆ ಒಂದು ಎಡವಟ್ಟಾಗಿದೆ. ಕ್ಯಾಂಪಸ್ ಚೊಕ್ಕಟ ಕಾಣಲಿ ಅಂತ ಯಾರೋ ಮೇಲಿನವರು ಹೇಳಿ, ಗುರುವಾರ ಬೆಳಗ್ಗೆಯೇ ಗುಜರಿಯವನನ್ನು ಕರೆಸಿದ್ದಾರೆ. ಮೂರು ಲಾರಿ ತಗಡು ಆಗಲೇ ಹೋಗಿದೆ. ಕಾರಣ ಕೇಳಿದರೆ, "ಶನಿವಾರ ಪೋಷಕರ ಸಭೆ ಇತ್ತು" ಅಂದರು.

ಅಳತೆ_ಟೇಪು

ಹೋಯಿತಲ್ಲಪ್ಪ! ಸರ್ವೇಯರ್ ಬಂದು ಮೊದಲು ಕೇಳೋದೇ ಹಳೆ ಮಾಲು ಎಲ್ಲಿ ಅಂತ. ಮುರಿದ ಮಾಲಿಗೂ ಬೆಲೆ ಕಟ್ಟಿ ಕ್ಲೇಮಿನಲ್ಲಿ ಕಳೆಯುತ್ತಾರೆ. ಮಾರಿದ್ದಕ್ಕೆ ಲೆಕ್ಕ ಇಲ್ಲದಿದ್ದರೆ ಅವರು ಹಾಕಿದ್ದೇ ರೇಟು.

ಇಷ್ಟು ಮಾಡಿ. ಲಾರಿ ತೂಕದ ಚೀಟಿ ಇದ್ದೇ ಇರುತ್ತದೆ, ಗುಜರಿಯವನ ಹತ್ತಿರ ತಗೊಳ್ಳಿ. ಗೇಟಿನ ಸೆಕ್ಯುರಿಟಿ ಪುಸ್ತಕದಲ್ಲಿ ಲಾರಿ ನಂಬರು ಬರೆದಿರುತ್ತಾರೆ, ಅದರ ಜೆರಾಕ್ಸ್ ಮಾಡಿಸಿ. ಸಿಸಿಟಿವಿ ಇದ್ದರೆ ಆ ಮೂರು ದಿನದ್ದು ಅಳಿಸಿಹೋಗುವ ಮುಂಚೆ ಪೆನ್‌ಡ್ರೈವಿಗೆ ತೆಗೆದಿಡಿ. ಆಮೇಲೆ ಮುಚ್ಚಿಡದೆ ನೀವೇ ಬರೆದು ತಿಳಿಸಿ: ಮಕ್ಕಳ ಸುರಕ್ಷತೆಗಾಗಿ ಇಷ್ಟು ತೂಕ ತೆಗೆಸಿದೆವು, ಇಷ್ಟು ದುಡ್ಡು ಬಂತು, ರಸೀದಿ ಇಲ್ಲಿದೆ. ತಾನಾಗಿ ಹೇಳಿದವನನ್ನು ಯಾರೂ ಕಳ್ಳ ಅನ್ನಲ್ಲ. ಉಳಿದ ಮಾಲಿಗೆ ಹಗ್ಗ ಕಟ್ಟಿ, "ಮುಟ್ಟಬೇಡಿ" ಅಂತ ಬೋರ್ಡು ಹಾಕಿ.

ಪುಸ್ತಕದ_ಹುಳ

ನಾನು ಲೈಬ್ರರಿಯನ್. ನನಗೆ ತಗಡಿನ ಚಿಂತೆ ಇಲ್ಲ, ಪುಸ್ತಕದ್ದೇ ಚಿಂತೆ. ಒದ್ದೆ ಪುಸ್ತಕಕ್ಕೆ ಎರಡು ಮೂರು ದಿನದಲ್ಲಿ ಬೂಸ್ಟು ಹಿಡಿಯುತ್ತದೆ, ಕರಾವಳಿಯ ಸೆಕೆಯಲ್ಲಿ ಇನ್ನೂ ಬೇಗ. ಬಿಸಿಲಿಗೆ ಹರಡಬೇಡಿ, ರಟ್ಟು ಸೊಟ್ಟಗಾಗುತ್ತದೆ. ಆರ್ಟ್ ಪೇಪರಿನ ಪುಟಗಳು ಒಣಗಿದರೆ ಇಟ್ಟಿಗೆ ಥರ ಅಂಟಿಕೊಳ್ಳುತ್ತವೆ, ಆಮೇಲೆ ದೇವರು ಬಂದರೂ ಬಿಡಿಸೋಕಾಗಲ್ಲ. ಸ್ವಲ್ಪ ಒದ್ದೆಯಾದವನ್ನು ಫ್ಯಾನ್ ಗಾಳಿಗೆ ನೆಟ್ಟಗೆ ನಿಲ್ಲಿಸಿ. ಪೂರ್ತಿ ನೆನೆದವುಗಳಲ್ಲಿ ಬೆಲೆಬಾಳುವವನ್ನು ಆರಿಸಿ ಪ್ಲಾಸ್ಟಿಕ್ ಕ್ರೇಟಿನಲ್ಲಿಟ್ಟು ಫ್ರೀಜ್ ಮಾಡಿಸಿ. ಹೆಪ್ಪುಗಟ್ಟಿದರೆ ಬೂಸ್ಟು ಅಲ್ಲಿಗೇ ನಿಲ್ಲುತ್ತದೆ, ಯೋಚನೆ ಮಾಡೋಕೆ ಸಮಯ ಸಿಗುತ್ತದೆ.

ಎಲ್ಲಿ ಫ್ರೀಜ್ ಮಾಡಿಸೋದು ಅಂತ ಕೇಳಬೇಡಿ. ನಿಮ್ಮ ಕಡೆ ಮೀನಿನ ಕೋಲ್ಡ್ ಸ್ಟೋರೇಜಿಗೆ ಬರವೇ? ಮಳೆಗಾಲದಲ್ಲಿ ಹೇಗೂ ದೋಣಿ ಇಳಿಯಲ್ಲ, ಜಾಗ ಖಾಲಿ ಇರುತ್ತದೆ. ಎರಡೆರಡು ಪ್ಲಾಸ್ಟಿಕ್ ಕವರ್ ಹಾಕಿ, ಇಲ್ಲಾಂದ್ರೆ ಕಾನೂನು ಪುಸ್ತಕ ಬಂಗುಡೆ ವಾಸನೆ ಹೊಡೆಯುತ್ತದೆ 😀

ಇನ್ನೊಂದು ಮಾತು. ಪ್ರತಿ ಪುಸ್ತಕದ ಆಕ್ಸೆಶನ್ ನಂಬರು (ಲೈಬ್ರರಿ ದಾಖಲೆಯಲ್ಲಿ ಅದಕ್ಕೆ ಕೊಟ್ಟ ಕ್ರಮಸಂಖ್ಯೆ) ಬರೆದುಕೊಳ್ಳದೆ ಒಂದನ್ನೂ ಎಸೆಯಬೇಡಿ.

ಅಳತೆ_ಟೇಪು

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆ ಕಿಟಕಿ ಗಾಜಿನ ಚೂರು ಒಳಗೆ ಬಿದ್ದಿದೆಯಾ ಹೊರಗೆ ಬಿದ್ದಿದೆಯಾ ನೋಡಿ. ಒಳಗೆ ಬಿದ್ದಿದ್ದರೆ ಅದೇ ನಿಮ್ಮ ಸಾಕ್ಷಿ, ನೆಲದ ಮೇಲೆ ಇದ್ದ ಹಾಗೇ ಫೋಟೋ ತೆಗೆಯಿರಿ. ಗಾಳಿ ಮಾಡಿದ ತೂತಿನಿಂದ ಬಂದ ನೀರು ಬೇರೆ, ಮೊದಲಿಂದಲೂ ಸೋರುತ್ತಿದ್ದ ಸೂರಿನ ನೀರು ಬೇರೆ. ಎರಡನೆಯದಕ್ಕೆ ಕೊಡಲ್ಲ. ಗೋಡೆಯ ಹಳೆ ಪಾಚಿ ಗೆರೆ ನೋಡಿದ ಕೂಡಲೇ ನಮಗೆ ಗೊತ್ತಾಗುತ್ತಿತ್ತು.

ಟೆಕ್ಸಾಸ್_ರೊಟ್ಟಿ

ಅಮೆರಿಕದಿಂದ ಬರೀತಿದ್ದೀನಿ. ಇಲ್ಲಿ ಪ್ರಾಪರ್ಟಿ ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ. ಗಾಳಿ ಬೇರೆ, ಸೋರಿಕೆ ಬೇರೆ ಅಂದ ತಕ್ಷಣ ನ್ಯೂ ಓರ್ಲಿಯನ್ಸ್ ನೆನಪಾಯಿತು.

2005ರ ಆಗಸ್ಟ್ 29ಕ್ಕೆ ಕತ್ರಿನಾ ಚಂಡಮಾರುತ ದಡ ಮುಟ್ಟಿತು. ಊರಿನ ಕಾಲುವೆ ಒಡ್ಡುಗಳು ಒಡೆದವು, ನೀರು ನುಗ್ಗಿತು. ಅಲ್ಲಿನ ಝೇವಿಯರ್ ವಿಶ್ವವಿದ್ಯಾಲಯದ ಕ್ಯಾಂಪಸ್ ಮುಳುಗಿತು. ಅವರ ಪಾಲಿಸಿಯಲ್ಲಿ ಪ್ರವಾಹಕ್ಕೆ ಪರಿಹಾರ ಇಲ್ಲ ಅಂತ ಬರೆದಿತ್ತು. ವಿಶ್ವವಿದ್ಯಾಲಯದ ವಾದ ಏನಂದರೆ, ಇದು ಪ್ರಕೃತಿ ತಂದ ಪ್ರವಾಹ ಅಲ್ಲ, ಮನುಷ್ಯರು ಸರಿಯಾಗಿ ಕಟ್ಟದ ಒಡ್ಡು ಒಡೆದು ಬಂದ ನೀರು. ಟ್ರಾವೆಲರ್ಸ್ ವಿಮಾ ಕಂಪನಿ ವಿರುದ್ಧದ ಈ ಕೇಸು, ಇಂಥದ್ದೇ ಇನ್ನಷ್ಟು ಕೇಸುಗಳ ಜೊತೆ ಮೇಲ್ಮನವಿ ಕೋರ್ಟಿಗೆ ಹೋಯಿತು. ಕೆಳಗಿನ ಜಡ್ಜಿಗೆ ಝೇವಿಯರ್‌ನ ವಾದ ಹಿಡಿಸಿತ್ತು. ಆದರೆ 2007ರಲ್ಲಿ ಮೇಲಿನ ಕೋರ್ಟು, ಒಡ್ಡು ಯಾಕೆ ಒಡೆದರೂ ನೀರು ಬಂದಿದ್ದು ಪ್ರವಾಹವೇ ಅಂದುಬಿಟ್ಟಿತು. ಒಂದೇ ಒಂದು ಪದದ ಅರ್ಥದ ಮೇಲೆ ಅಷ್ಟೂ ವಾದ ನಿಂತಿತ್ತು.

ಅದೇ ಊರಿನ ಟುಲೇನ್ ವಿಶ್ವವಿದ್ಯಾಲಯ ಒಂದು ಸೆಮಿಸ್ಟರ್ ಪೂರ್ತಿ ಮುಚ್ಚಿ 2006ರ ಜನವರಿಯಲ್ಲಿ ತೆರೆಯಿತು. ಅಷ್ಟು ದಿನ ವಿದ್ಯಾರ್ಥಿಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಓದಿದರು. ಲೈಬ್ರರಿಯ ನೆಲಮಾಳಿಗೆಯಲ್ಲಿ ಎಂಟು ಅಡಿ ನೀರು. ಸಂಗೀತದ ಸಂಗ್ರಹ, ಸರ್ಕಾರಿ ದಾಖಲೆ, ಮೈಕ್ರೋಫಿಲ್ಮು ಎಲ್ಲ ಅಲ್ಲೇ ಇತ್ತು. ಲೈಬ್ರರಿಯನ್ ಮೇಡಂ, ಅವರೂ ನೀವು ಹೇಳಿದ ಹಾಗೇ ಫ್ರೀಜ್ ಮಾಡಿಸಿದ್ದು.

ಪುಸ್ತಕದ_ಹುಳ

ನೆಲಮಾಳಿಗೆಯಲ್ಲಿ ಸಂಗ್ರಹ ಇಡೋರಿಗೆ ಏನನ್ನಬೇಕು! ಹೂಸ್ಟನ್ ವಿಶ್ವವಿದ್ಯಾಲಯದ ಕಾನೂನು ಲೈಬ್ರರಿಗೂ 2001ರ ಜೂನ್‌ನಲ್ಲಿ ಆಲಿಸನ್ ಬಿರುಗಾಳಿಯ ಮಳೆಗೆ ಇದೇ ಗತಿಯಾಗಿತ್ತು. ಅದೂ ಕೆಳಮಹಡಿಯೇ.

ಅಳತೆ_ಟೇಪು

ಝೇವಿಯರ್ ಥರದ ಜಗಳ ನಮ್ಮಲ್ಲಿ ಅಪರೂಪ. ನಮ್ಮ ಫೈರ್ ಪಾಲಿಸಿಯಲ್ಲಿ ಬಿರುಗಾಳಿ, ಚಂಡಮಾರುತ, ನೆರೆ, ಜಲಾವೃತ ಎಲ್ಲ ಒಂದೇ ಗಂಟು. ಅದಕ್ಕೆ ಎಸ್‌ಟಿಎಫ್‌ಐ ಅನ್ನುತ್ತೇವೆ. ಗಾಳಿಯೋ ನೀರೋ ಅಂತ ಬಡಿದಾಡಬೇಕಿಲ್ಲ. ಒಂದೇ ಭಯ, ಪ್ರೀಮಿಯಂ ಉಳಿಸೋಕೆ ಕೆಲವರು ಆ ಗಂಟನ್ನೇ ಬಿಡಿಸಿ ಕೊಟ್ಟುಬಿಡುತ್ತಾರೆ. ಗುಮಾಸ್ತರೇ, ಪಾಲಿಸಿಯ ಶೆಡ್ಯೂಲ್ ತೆಗೆದು ಎಸ್‌ಟಿಎಫ್‌ಐ ಇದೆಯಾ ನೋಡಿ. ಒಂದೊಂದು ಬ್ಲಾಕಿಗೆ ಬರೆದ ವಿಮಾ ಮೊತ್ತ ಎಷ್ಟು, ಅದನ್ನು ಯಾವ ಲೆಕ್ಕದಲ್ಲಿ ಬರೆದಿದ್ದು ಅಂತಲೂ ನೋಡಿ. ನನಗೆ ಅನುಮಾನ ಇರೋದು ಅಲ್ಲೇ.

ಖಜಾನೆ_ಗುಮಾಸ್ತ (ಜೂನ್ 4, ಬೆಳಗ್ಗೆ 7.15)

ಎಸ್‌ಟಿಎಫ್‌ಐ ಇದೆ. ಉಸಿರು ಬಂತು.

ವಿಮಾ ಮೊತ್ತದ ವಿಷಯ ಹೇಳೋಕೆ ಮುಜುಗರ ಆಗುತ್ತಿದೆ. ಎಂಜಿನಿಯರಿಂಗ್ ಬ್ಲಾಕಿಗೆ 12 ಕೋಟಿ ಅಂತಿದೆ. ಎಲ್ಲಿಂದ ಬಂತು ಅಂತ ಹಳೆ ಫೈಲು ಹುಡುಕಿದೆ. ಬ್ಯಾಲೆನ್ಸ್ ಶೀಟಿನಲ್ಲಿ ಸವಕಳಿ ಕಳೆದು ಉಳಿದ ಮೊತ್ತವನ್ನೇ ಎತ್ತಿ ಹಾಕಲಾಗಿದೆ. ಪ್ರತಿ ವರ್ಷ ಅದೇ ಪಟ್ಟಿ ನವೀಕರಣ ಆಗಿದೆ. ಕೆಳಗೆ "ತಯಾರಿಸಿದವರು" ಅನ್ನೋ ಜಾಗದಲ್ಲಿ ನನ್ನದೇ ಚುಟುಕು ಸಹಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಟೈಪ್ ಮಾಡಿದ್ದು. ಕಟ್ಟಡದ ಬೆಲೆ ಕೊಡಿ ಅಂದರು, ನಮ್ಮ ಪುಸ್ತಕದಲ್ಲಿ ಇದ್ದಿದ್ದು ಕೊಟ್ಟೆ.

ಇವತ್ತು ಅದೇ ಬ್ಲಾಕು ಕಟ್ಟಲು 20 ಕೋಟಿ ಬೇಕು ಅಂತ ನಮ್ಮ ಎಂಜಿನಿಯರ್ ಹೇಳುತ್ತಾರೆ.

ಅಳತೆ_ಟೇಪು

ನೀವೊಬ್ಬರೇ ಅಲ್ಲ ಬಿಡಿ. ಕಾಲೇಜು, ಕಾರ್ಖಾನೆ, ಮಠ, ಎಲ್ಲ ಕಡೆ ಇದೇ ತಪ್ಪು. ಲೆಕ್ಕದ ಪುಸ್ತಕದ ಬೆಲೆ ವರ್ಷ ವರ್ಷ ಇಳಿಯುತ್ತದೆ, ಸಿಮೆಂಟು ಕಬ್ಬಿಣದ ಬೆಲೆ ವರ್ಷ ವರ್ಷ ಏರುತ್ತದೆ. ಎರಡೂ ವಿರುದ್ಧ ದಿಕ್ಕಿಗೆ ಓಡುತ್ತಿರುತ್ತವೆ.

ಈಗ ಲೆಕ್ಕ ನೋಡಿ. 20 ಕೋಟಿಯ ಕಟ್ಟಡಕ್ಕೆ 12 ಕೋಟಿ ವಿಮೆ. ಅಂದರೆ ಉಳಿದ 8 ಕೋಟಿಗೆ ನೀವೇ ವಿಮಾ ಕಂಪನಿ ಅಂತ ಅರ್ಥ. ಆ ಬ್ಲಾಕಿನ ನಷ್ಟ 3 ಕೋಟಿ ಅಂತಿಟ್ಟುಕೊಳ್ಳಿ. 3ನ್ನು 12ರಿಂದ ಗುಣಿಸಿ 20ರಿಂದ ಭಾಗಿಸಿ: 1 ಕೋಟಿ 80 ಲಕ್ಷ. ಗಾಳಿ ಮಳೆಯ ನಷ್ಟಕ್ಕೆ ಎಕ್ಸೆಸ್, ಅಂದರೆ ನೀವೇ ಹೊರಬೇಕಾದ ಪಾಲು, ಸಾಮಾನ್ಯವಾಗಿ ಕ್ಲೇಮಿನ ಶೇ. 5. ಹಾಗಾದರೆ ಇನ್ನೂ 9 ಲಕ್ಷ ಹೋಯಿತು. ಕೈಗೆ 1 ಕೋಟಿ 71 ಲಕ್ಷ. ಯಾರೂ ಮೋಸ ಮಾಡಿಲ್ಲ, ಪಾಲಿಸಿಯ ಈ ಷರತ್ತಿಗೆ ಆವರೇಜ್ ಕ್ಲಾಸ್ ಅಂತ ಹೆಸರು.

"ಹಾಗಾದರೆ ಸವಕಳಿ ಕಳೆದೇ ಕೊಡಿ, ಆಗ ಕಟ್ಟಡದ ಬೆಲೆಯೂ ಇಳಿಯುತ್ತಲ್ಲ" ಅಂತ ಬುದ್ಧಿವಂತರು ಕೇಳುತ್ತಾರೆ. ಕಟ್ಟಡಕ್ಕೂ ಚಾವಣಿಗೂ ಶೇ. 20 ಸವಕಳಿ ಹಾಕಿ ನೋಡಿ. 3 ಕೋಟಿ 2.4 ಆಗುತ್ತದೆ, 20 ಕೋಟಿ 16 ಆಗುತ್ತದೆ, ಉತ್ತರ ಮತ್ತೆ 1.8ಕ್ಕೇ ಬರುತ್ತದೆ. ತಗಡಿನ ಸವಕಳಿ ಗೋಡೆಗಿಂತ ಜಾಸ್ತಿ ಹಾಕಿದರೆ ನಿಮಗೇ ಇನ್ನೂ ನಷ್ಟ. ಆದ್ದರಿಂದ ಪಾಲಿಸಿಯಲ್ಲಿ ರೀಇನ್‌ಸ್ಟೇಟ್‌ಮೆಂಟ್ ಕ್ಲಾಸ್ (ಸವಕಳಿ ಕಳೆಯದೆ ಹೊಸದಾಗಿ ಕಟ್ಟುವ ಖರ್ಚಿನ ಲೆಕ್ಕದಲ್ಲಿ ಕೊಡುವ ಷರತ್ತು) ಇದ್ದರೆ ಬಿಡಬೇಡಿ. ಆದರೆ ಅದಕ್ಕೊಂದು ಗಡುವಿದೆ. ಸಾಮಾನ್ಯವಾಗಿ 12 ತಿಂಗಳೊಳಗೆ ದುರಸ್ತಿ ಮುಗಿಸಬೇಕು, ಖರ್ಚು ಮಾಡಿ ತೋರಿಸಬೇಕು. ಅಲ್ಲಿಯವರೆಗೆ ಸವಕಳಿ ಕಳೆದ ಮೊತ್ತವಷ್ಟೇ.

ನೀವು ಹೋರಾಡಬೇಕಾದ ಜಾಗ ಆ 20 ಕೋಟಿ. ಅದರಲ್ಲಿ ನೆಲದ ಬೆಲೆ ಸೇರಿದೆಯಾ? ವಿಮೆಗೆ ಸೇರದ ಪಾಯದ ಖರ್ಚು ಸೇರಿದೆಯಾ? ರಸ್ತೆ, ಚರಂಡಿ, ಲಾನು? ಎಂಜಿನಿಯರು ದೊಡ್ಡ ಸಂಖ್ಯೆ ಹೇಳಿ ಖುಷಿಪಡುತ್ತಾರೆ, ನಷ್ಟ ಆಗೋದು ನಿಮಗೆ. ಕಟ್ಟಡಕ್ಕೆ ಬೆಲೆ ಕಟ್ಟುವ ಒಳ್ಳೆ ವ್ಯಾಲ್ಯೂಯರ್ ಕೈಯಲ್ಲಿ ಲೋಕೋಪಯೋಗಿ ಇಲಾಖೆಯ ದರಪಟ್ಟಿ ಇಟ್ಟುಕೊಂಡು ಸಾಲು ಸಾಲಾಗಿ ಮಾಡಿಸಿ. 20 ಕೋಟಿ 17ಕ್ಕೆ ಇಳಿದರೆ ನಿಮ್ಮ 1.8, ಹೆಚ್ಚುಕಮ್ಮಿ 2.1 ಆಗುತ್ತದೆ.

ಕೋಳಿ_ಅಂಕ

ಒಪ್ಪಿದೆ ಸ್ವಾಮಿ. ನಮ್ಮ ಅಂಗಡಿ ಪಾಲಿಸಿ ಹುಡುಕ್ತಾ ಇದ್ದೇನೆ ಈಗ. ಅದರಲ್ಲೂ ಹೀಗೇ ಉಂಟಾ?

ಅಳತೆ_ಟೇಪು

2021ರ ಏಪ್ರಿಲಿನಿಂದ ಬಂದ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಇದ್ದರೆ (5 ಕೋಟಿವರೆಗಿನ ಆಸ್ತಿಗೆ) ಅಥವಾ ಲಘು ಉದ್ಯಮ್ ಸುರಕ್ಷಾ ಇದ್ದರೆ (ಒಂದೇ ಜಾಗದಲ್ಲಿ 50 ಕೋಟಿವರೆಗೆ), ವಿಮೆ ಶೇ. 15ರವರೆಗೆ ಕಡಿಮೆ ಬಿದ್ದರೂ ಕತ್ತರಿ ಹಾಕಲ್ಲ. ದೊಡ್ಡ ಕ್ಯಾಂಪಸ್ಸು ಆ ಮಿತಿ ದಾಟಿರುತ್ತದೆ.

ಟೆಕ್ಸಾಸ್_ರೊಟ್ಟಿ

ಕ್ಲೇಮಿನ ಮೇಲೆ ಶೇ. 5 ಅಂದ್ರೆ ನೀವು ಪುಣ್ಯವಂತರು. ಇಲ್ಲಿ ಕರಾವಳಿಯಲ್ಲಿ ಹರಿಕೇನ್ ಎಕ್ಸೆಸ್ಸು ಬಹಳ ಸಲ ಕಟ್ಟಡದ ವಿಮಾ ಮೊತ್ತದ ಮೇಲೆ ಶೇಕಡಾವಾರು. 20 ಕೋಟಿ ಕಟ್ಟಡಕ್ಕೆ ಶೇ. 5 ಅಂದರೆ ಮೊದಲ 1 ಕೋಟಿ ನಿಮ್ಮದೇ.

ಮಂಗಳವಾರ, ಗುರುವಾರ ಎರಡು ಸಲ ಗಾಳಿ ಬಂತು ಅಂದ್ರಲ್ಲ. ಪಾಲಿಸಿಯಲ್ಲಿ 72 ಗಂಟೆ ಕ್ಲಾಸ್ ಇದೆಯಾ ನೋಡಿ. ಇದ್ದರೆ ಎರಡೂ ಸೇರಿ ಒಂದೇ ಘಟನೆ. ನಿಮ್ಮ ಎಕ್ಸೆಸ್ಸು ಶೇಕಡಾವಾರು ಆದ್ದರಿಂದ ಜಾಸ್ತಿ ವ್ಯತ್ಯಾಸ ಬರಲಿಕ್ಕಿಲ್ಲ, ಆದರೆ ಅದರಲ್ಲಿ ಕನಿಷ್ಠ ಮೊತ್ತ ಅಂತ ಏನಾದರೂ ಇದ್ದರೆ ಎರಡು ಸಲ ಕಡಿತ ಬೇಡ.

ಬಂದರು_ರಸ್ತೆ

ಹುದ್‌ಹುದ್ ಚಂಡಮಾರುತ ಬಂದಾಗ ನಾನು ವಿಶಾಖಪಟ್ಟಣದಲ್ಲಿ ಒಂದು ಗೋದಾಮಿನ ಮ್ಯಾನೇಜರ್. 2014ರ ಅಕ್ಟೋಬರ್ 12. ಆಂಧ್ರ ವಿಶ್ವವಿದ್ಯಾಲಯದ ಕಡೆ ಹೋದರೆ ರಸ್ತೆ ಕಾಣಿಸುತ್ತಿರಲಿಲ್ಲ, ಬರೀ ಬಿದ್ದ ಮರ. ಅಂಥ ಹೊತ್ತಲ್ಲಿ ಇಡೀ ಊರೇ ಕ್ಲೇಮು ಹಾಕಿರುತ್ತದೆ. ಸರ್ವೇಯರ್ ಸಿಗಲ್ಲ, ತಗಡು ಸಿಗಲ್ಲ, ವೆಲ್ಡರ್ ಸಿಗಲ್ಲ. ರೇಟು ಮೇಲೇರುತ್ತದೆ. ಹಾಗಾಗಿ ಕೊಟೇಶನ್ ಬೇಗ ತಗೊಳ್ಳಿ, ಮೂರು ತಗೊಳ್ಳಿ, ತಾರೀಖು ಇರಲಿ.

ನಮ್ಮನ್ನು ಉಳಿಸಿದ್ದು ಒಂದು ನೋಟ್‌ಬುಕ್ಕು. ಯಾರು ಬಂದರು, ಏನು ಕೇಳಿದರು, ಏನು ಕೊಟ್ಟೆವು ಅಂತ ದಿನಾ ಬರೆಯುತ್ತಿದ್ದೆ. ನಡುವೆ ಸರ್ವೇಯರ್ ಬದಲಾದರು, ಹೊಸಬರು ಎಲ್ಲ ಮೊದಲಿಂದ ಕೇಳಿದರು. ಆ ನೋಟ್‌ಬುಕ್ಕು ಮುಂದಿಟ್ಟೆ.

ಗಾಳಿ ಇತ್ತು ಅನ್ನೋದಕ್ಕೂ ಪುರಾವೆ ಬೇಕಾಗುತ್ತದೆ, ನಗಬೇಡಿ. ಹವಾಮಾನ ಇಲಾಖೆಯಿಂದ ವರದಿ ತಗೊಳ್ಳಿ.

ಅಳತೆ_ಟೇಪು

ಕರ್ನಾಟಕದಲ್ಲಾದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಇದೆ, ಹೋಬಳಿ ಮಟ್ಟದಲ್ಲಿ ಹವಾಮಾನದ ಯಂತ್ರ ಇಟ್ಟಿದ್ದಾರೆ. ನಿಮ್ಮ ಹೋಬಳಿಯ ಆ ರಾತ್ರಿಯ ಅಂಕಿ ಕೇಳಿ ಅರ್ಜಿ ಹಾಕಿ. ನೂರು ಕಿಲೋಮೀಟರ್ ಆಚೆಯ ವಿಮಾನ ನಿಲ್ದಾಣದ ಗಾಳಿಗಿಂತ ಅದು ಗಟ್ಟಿ.

ಲೆಕ್ಕ_ಮಂಜಣ್ಣ

ಸಿಎ ನಾನು. ಜಿಎಸ್‌ಟಿ ಬಗ್ಗೆ ಯಾರೂ ಹೇಳಲಿಲ್ಲ. ಶಿಕ್ಷಣ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ, ಆದ್ದರಿಂದ ನಿಮಗೆ ಇನ್‌ಪುಟ್ ಕ್ರೆಡಿಟ್ (ಕೊಂಡಿದ್ದಕ್ಕೆ ಕಟ್ಟಿದ ತೆರಿಗೆಯನ್ನು ಹೊಂದಿಸಿಕೊಳ್ಳುವ ಅವಕಾಶ) ಸಿಗಲ್ಲ. ದುರಸ್ತಿಯ ಬಿಲ್ಲಿನಲ್ಲಿರುವ ತೆರಿಗೆ ನಿಮಗೆ ನಿಜವಾದ ಖರ್ಚು. ಸರ್ವೇಯರ್ ಕಾರ್ಖಾನೆಯ ಅಭ್ಯಾಸದಲ್ಲಿ ತೆರಿಗೆ ಕಳೆದುಬಿಡಬಹುದು. ಕ್ರೆಡಿಟ್ ತಗೊಂಡಿಲ್ಲ ಅಂತ ಆಡಿಟರ್ ಸರ್ಟಿಫಿಕೇಟ್ ಲಗತ್ತಿಸಿ. ವಿಮಾ ಮೊತ್ತ ಬರೆಯುವಾಗ ತೆರಿಗೆ ಸೇರಿಸಿದ್ದಿರಾ ಅಂತ ಅವರೂ ಕೇಳುತ್ತಾರೆ, ಉತ್ತರ ಇಟ್ಟುಕೊಂಡಿರಿ.

ಇನ್ನೊಂದು, ಬಿರುಗಾಳಿ ಖರ್ಚಿಗೇ ಒಂದು ಬೇರೆ ಲೆಜರ್ ಖಾತೆ ತೆರೆಯಿರಿ. ಹಾಸ್ಟೆಲ್ ಪೇಂಟಿನ ಬಿಲ್ಲನ್ನೂ ಇದರಲ್ಲೇ ತೂರಿಸೋಣ ಅಂತ ಯಾರಾದರೂ ಬಂದೇ ಬರ್ತಾರೆ. ಆ ಒಂದು ಬಿಲ್ಲು ಸಿಕ್ಕಿಬಿದ್ದರೆ ಉಳಿದ ನೂರರ ಮೇಲೂ ಅನುಮಾನ.

ಖಜಾನೆ_ಗುಮಾಸ್ತ

ಬಂದಿದ್ದಾರೆ ಸರ್ 😀 ಆಡಿಟೋರಿಯಂ ಕರ್ಟನ್ನು.

ಸಂಶೋಧನಾ ಯಂತ್ರಗಳದ್ದು ಬೇರೆಯೇ ತಲೆನೋವು. ಮೂರು ಯಂತ್ರ ಕೇಂದ್ರ ಸರ್ಕಾರದ ಯೋಜನೆಯ ದುಡ್ಡಲ್ಲಿ ಬಂದವು. ನಮ್ಮ ಆಸ್ತಿ ಪಟ್ಟಿಯಲ್ಲೇ ಇಲ್ಲ.

ಅಳತೆ_ಟೇಪು

ಬೇರೆಯವರ ಸ್ವತ್ತು ನಿಮ್ಮ ಸುಪರ್ದಿನಲ್ಲಿದ್ದರೆ, ಪಾಲಿಸಿಯಲ್ಲಿ ಅದನ್ನು ಹೇಳಿರಬೇಕು. ಯೋಜನೆಯ ಮಂಜೂರಾತಿ ಪತ್ರ ಓದಿ, ಯಂತ್ರ ಯಾರದು ಅಂತ ಅದರಲ್ಲಿರುತ್ತದೆ. ಸೋಲಾರೂ ಹಾಗೇ, ಪಟ್ಟಿಯಲ್ಲಿ ಬರೆದಿದ್ದರೆ ಉಂಟು.

ವಕೀಲಮ್ಮ_ಧಾರವಾಡ

ಓದಿಕೊಂಡು ಬಂದೆ. ನನ್ನ ಕಡೆ ಜನ ಬರೋದು ಎಲ್ಲ ಮುಗಿದ ಮೇಲೆ, ಅದಕ್ಕೇ ಈಗಲೇ ಹೇಳಿಬಿಡುತ್ತೇನೆ.

ಕೊನೆಗೆ ಒಂದು ವೋಚರ್ ಕೊಡುತ್ತಾರೆ, "ಪೂರ್ಣ ಮತ್ತು ಅಂತಿಮ" ಅಂತ ಬರೆದಿರುತ್ತದೆ. ದುಡ್ಡಿನ ತುರ್ತಿಗೆ ಸಹಿ ಹಾಕಿಬಿಡುತ್ತಾರೆ. 1999ರಲ್ಲಿ ಅಜ್ಮೇರ್ ಸಿಂಗ್ ಕಾಟನ್ ಮಿಲ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ಬರೀ ವೋಚರಿಗೆ ಸಹಿ ಹಾಕಿದ ಮಾತ್ರಕ್ಕೆ ಹೆಚ್ಚಿನ ಮೊತ್ತ ಕೇಳುವ ಹಕ್ಕು ಹೋಗಲ್ಲ ಅಂದಿದೆ. ಆದರೆ ಒತ್ತಾಯದಿಂದಲೋ ಮೋಸದಿಂದಲೋ ಸಹಿ ಹಾಕಿಸಿಕೊಂಡರು ಅಂತ ನೀವು ತೋರಿಸಬೇಕು. ತಿಂಗಳುಗಟ್ಟಲೆ ಸುಮ್ನಿದ್ದು ಆಮೇಲೆ ಒತ್ತಾಯ ಅಂದರೆ ಯಾರು ನಂಬುತ್ತಾರೆ? ಒಪ್ಪಿಗೆ ಇಲ್ಲದಿದ್ದರೆ ಸಹಿಗೆ ಮುಂಚೆಯೇ ಇಮೇಲ್ ಹಾಕಿ. ಸರ್ವೇಯರ್ ವರದಿಯ ಪ್ರತಿಯನ್ನೂ ಕೇಳಿ ತಗೊಳ್ಳಿ. ಅದೇ ಕೊನೆಯ ಮಾತಲ್ಲ ಅಂತ 2009ರ ಪ್ರದೀಪ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಳತೆ_ಟೇಪು ಅವರು ಬೇಜಾರು ಮಾಡ್ಕೋಬೇಡಿ.

ಅಳತೆ_ಟೇಪು

ಇಲ್ಲ ತಾಯಿ. ನನ್ನ ಎರಡು ವರದಿ ಕೋರ್ಟಿನಲ್ಲಿ ಬಿದ್ದಿವೆ. ಒಂದು ಬೀಳಬೇಕಾದದ್ದೇ.

ಖಜಾನೆ_ಗುಮಾಸ್ತ (ಡಿಸೆಂಬರ್ 14)

ಬಹಳ ದಿನ ಆಯಿತು, ಕ್ಷಮಿಸಿ. ಕೇಳಿದವರಿಗೆ ಸುದ್ದಿ ಹೇಳಬೇಕಲ್ವಾ.

ಸರ್ವೇಯರ್ ಒಂಬತ್ತು ಸಲ ಬಂದರು. ಮೊದಲ ದಿನವೇ ತೂಕದ ಚೀಟಿ, ಗೇಟ್ ಪುಸ್ತಕ ಕೈಗಿಟ್ಟೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿ, "ಯಾರು ಹೇಳಿಕೊಟ್ಟರು?" ಅಂದರು. ಗುಜರಿ ದುಡ್ಡು ರಸೀದಿಯಲ್ಲಿದ್ದಷ್ಟೇ ಕಳೆದರು.

ವ್ಯಾಲ್ಯೂಯರ್ ಲೆಕ್ಕ 16 ಕೋಟಿ 80 ಲಕ್ಷಕ್ಕೆ ಬಂತು. ಎಂಜಿನಿಯರ್ ಲಾನು, ರಸ್ತೆ, ಲಿಫ್ಟಿನ ಭವಿಷ್ಯದ ಯೋಜನೆ ಎಲ್ಲ ಸೇರಿಸಿ 20 ಅಂದಿದ್ದರು! ಕತ್ತರಿ ಬಿತ್ತು, ಆದರೆ ಹೆದರಿದಷ್ಟಲ್ಲ. ಆನ್ ಅಕೌಂಟ್ ಅಂತ, ಅಂತಿಮ ಲೆಕ್ಕಕ್ಕೆ ಮುಂಚೆಯೇ ಕೊಡುವ ಒಂದು ಕಂತು ಸೆಪ್ಟೆಂಬರಿನಲ್ಲಿ ಬಂತು, ಅದರಲ್ಲೇ ಚಾವಣಿ ಕೆಲಸ ಶುರು ಮಾಡಿದೆವು. ಯೋಜನೆಯ ಯಂತ್ರ ಮೂರರಲ್ಲಿ ಒಂದಕ್ಕೆ ಇಲ್ಲ ಅಂದಿದ್ದಾರೆ, ಪತ್ರ ಬರೆಯುತ್ತಿದ್ದೇವೆ. ಕಾಂಪೌಂಡ್ ಪಾಲಿಸಿಯಲ್ಲೇ ಇರಲಿಲ್ಲ, ಅದು ಹೋಯಿತು. ಪುಸ್ತಕ ಕ್ರೇಟುಗಳು ಇನ್ನೂ ಮೀನಿನ ಜೊತೆಗಿವೆ. ತಿಂಗಳ ಬಾಡಿಗೆ ಬಿಲ್ಲು ನೋಡಿ ಆಡಿಟರ್ ಎರಡು ಸಲ ಓದಿದರು.

ವಿಮಾ ಮೊತ್ತದ ಹಳೆ ಪಟ್ಟಿ ಬರೆದಿದ್ದು ನಾನೇ ಅಂತ ಕುಲಸಚಿವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹತ್ತು ವರ್ಷ ಸಹಿ ಹಾಕಿದ್ದು ನಾವೂ ಅಲ್ವಾ" ಅಂದರು. ಹೊಸ ಪಟ್ಟಿಯನ್ನೂ ನನಗೇ ಕೊಟ್ಟಿದ್ದಾರೆ.

ಪುಸ್ತಕದ_ಹುಳ

ಆ ಮಸಾಲೆ ದೋಸೆ ಏನಾಯಿತು?

ಖಜಾನೆ_ಗುಮಾಸ್ತ

ಟ್ಯಾಂಕಿನ ಪಕ್ಕದಲ್ಲೇ ಇದೆ ಮೇಡಂ. ಹಗ್ಗ, ಬೋರ್ಡು ಎಲ್ಲ ಹಾಗೇ. ತೆಗೆಯಲು ಅನುಮತಿ ಕೇಳಿ ಮೂರು ಇಮೇಲ್ ಹಾಕಿದ್ದೇನೆ, ಉತ್ತರ ಬಂದಿಲ್ಲ. ಹಾಸ್ಟೆಲ್ ಹುಡುಗರು ಅದರ ಮೇಲೆ ಬನಿಯನ್ ಒಣಗಿಸುತ್ತಿದ್ದಾರೆ.

ಅಳತೆ_ಟೇಪು

ಬನಿಯನ್ ತೆಗೆಸಿ ಒಂದು ಫೋಟೋ ಹೊಡೆದು, ನಾಲ್ಕನೇ ಇಮೇಲ್ ಹಾಕಿ.